ನಾಲ್ಕು ಬೆರಳು ಎತ್ತಿದ ತೂಬು

ಆ ಬೆಳಿಗ್ಗೆ ದೊಡ್ಡಪ್ಪ ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲಕ್ಕೆ ನಾನಾಗಲೇ ವಿಜಯನಗರದಲ್ಲಿ ಮೆಟ್ರೋ ಹತ್ತಿದ್ದೆ.

"ಎಲ್ಲಿದೀಯ? ಜೆಸಿಬಿ ಬಂದ್ಬಿಟ್ಟಿದೆ ಕಣೇ. ಕೋಡಿ ಒಡೀತಾರಂತೆ!"

ದೊಡ್ಡಪ್ಪ ಕೆಂಗೇರಿಯಾಚೆಯ ಒಂದು ಕೆರೆಯ ನೀರಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ನಮ್ಮ ಮನೆತನದ ಕೆಲಸವಾಗಿತ್ತು. ಗದ್ದೆಗಳು ಸೈಟುಗಳಾದ ಮೇಲೂ ಅವರು ದಿನಾ ಏರಿಯ ಮೇಲೊಂದು ಸುತ್ತು ಹೋಗಿಬರುತ್ತಿದ್ದರು.

ಎರಡು ದಿನದ ಮಳೆಗೆ ಕೆರೆ ತುಂಬಿ, ಅಂಚಿಗೆ ಒತ್ತಿಕೊಂಡು ಕಟ್ಟಿದ ಮನೆಗಳ ಹೊಸ್ತಿಲಿಗೆ ನೀರು ಬಂದಿತ್ತು. ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಕೋಡಿಯ ಕಟ್ಟೆ ಒಡೆದು ಅದನ್ನು ಇಳಿಸಲು ಜೆಸಿಬಿ ತರಿಸಿದ್ದರು. ನಾನು ತಲುಪುವಾಗ ದೊಡ್ಡಪ್ಪ ಜೆಸಿಬಿಗೆ ಅಡ್ಡ ನಿಂತು, ಬಂದಿದ್ದ ಎಂಜಿನಿಯರಿಗೆ ಹೇಳುತ್ತಿದ್ದರು: "ಸಾರ್, ಜೊಂಡಲ್ಲಿ ಗುಳುಮುಳುಕ ಹಕ್ಕಿ ಮೊಟ್ಟೆ ಇಟ್ಟಿದೆ. ಅದರ ಗೂಡು ತೇಲೋದು. ನೀರು ನಿಧಾನಕ್ಕೆ ಇಳಿದ್ರೆ ಗೂಡೂ ಜೊತೇಲೇ ಇಳಿಯುತ್ತೆ. ಕೋಡಿ ಒಡೆದ್ರೆ ನೀರು ಒಂದೇ ಸಲ ಇಳಿದು, ಗೂಡು ಜೊಂಡಿಗೆ ಸಿಕ್ಕಿ ಮಗುಚಿಕೊಳ್ಳುತ್ತೆ."

ಕೊನೆಯ ಮನೆಯ ಹೆಂಗಸು ಸೀರೆ ಎತ್ತಿಕಟ್ಟಿ ನಿಂತಿದ್ದಳು. "ನಮ್ಮನೆ ನೀರನ್ನ ನಿಮ್ಮ ಹಕ್ಕಿ ಬಂದು ಎತ್ತಾಕುತ್ತಾ ತಾತ?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ತಲೆತಗ್ಗಿಸುವಂತಾಯಿತು.

"ತೂಬು ಎತ್ತುತೀನಮ್ಮ. ಸಂಜೆಯೊಳಗೆ ನಿಮ್ಮನೆ ಮೆಟ್ಟಿಲು ಕಾಣದಿದ್ರೆ ಕೋಡಿ ನಾನೇ ಒಡೀತೀನಿ" ಎಂದರು ದೊಡ್ಡಪ್ಪ.

ಎಂಜಿನಿಯರ್ ಸಂಜೆವರೆಗೆ ಕಾಯಲು ಒಪ್ಪಿದ. ದೊಡ್ಡಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೂಬಿನ ಕಲ್ಲುಗಂಬಗಳ ನಡುವೆ ಕುತ್ತಿಗೆಯವರೆಗೆ ಇಳಿದರು. ಹಗ್ಗ ನನ್ನ ಕೈಯಲ್ಲಿತ್ತು. ತೂಬಿನ ಬಾಯಿ ಮುಚ್ಚಿ ಹೂಳಿನಲ್ಲಿ ಕಚ್ಚಿಕೊಂಡಿದ್ದ ಮರದ ಬಿರಡೆಯನ್ನು ಕಾಲಿನಿಂದಲೇ ಸಡಿಲಿಸಿ, ನಾಲ್ಕು ಬೆರಳಷ್ಟೇ ಎತ್ತಿ ನಿಲ್ಲಿಸಿದರು. ಏರಿಯ ಆಚೆ ನೀರು ಗುಳುಗುಳು ಅಂದಿತು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಏರಿಯ ಈ ತುದಿಯಿಂದ ಆ ತುದಿಗೆ ನಡೆದೆ. ಮೆಟ್ಟಿಲು ನೋಡಿದೆ, ಜೊಂಡು ನೋಡಿದೆ, ಮತ್ತೆ ಮೆಟ್ಟಿಲು ನೋಡಿದೆ. ಮೂರು ಗಂಟೆಗೆ ತುಂತುರು ಶುರುವಾದಾಗ ತಡೆಯಲಾಗದೆ ಕೇಳಿದೆ: "ಇನ್ನೂ ಸ್ವಲ್ಪ ಎತ್ತಬಾರದಾ ದೊಡ್ಡಪ್ಪ?"

"ಸುಮ್ನಿರೇ." ಅವರು ಒದ್ದೆ ಪಂಚೆಯಲ್ಲೇ ತೂಬಿನ ಕಡೆ ನೋಡುತ್ತ ಕೂತಿದ್ದರು.

ಐದೂವರೆಯ ಹೊತ್ತಿಗೆ ಮೇಲಿನ ಮೆಟ್ಟಿಲು ಕಾಣಿಸಿತು. ಜೆಸಿಬಿ ಹೊರಟುಹೋಯಿತು. ಆ ಹೆಂಗಸು ಎರಡು ಲೋಟ ಕಾಫಿ ತಂದುಕೊಟ್ಟಳು. ಏರಿಯಿಂದ ಕಾಣುತ್ತಿದ್ದ ಮೂರು ಗೂಡುಗಳಲ್ಲಿ ಒಂದು ಹೇಗೋ ಮಗುಚಿತ್ತು. ಉಳಿದೆರಡರ ಮೇಲೆ ಹಕ್ಕಿಗಳು ಕೂತಿದ್ದವು.

ನೀರು ಸಾಕಷ್ಟು ಇಳಿದು, ನಾಲ್ಕನೆಯ ದಿನ ತೂಬು ಮುಚ್ಚಬೇಕಿತ್ತು. ದೊಡ್ಡಪ್ಪನಿಗೆ ಜ್ವರ. ಹಗ್ಗ ಈಗ ನನ್ನ ಸೊಂಟದಲ್ಲಿತ್ತು, ಏರಿಯ ಮೇಲೆ ಕಂಬಳಿ ಹೊದ್ದು ಕೂತ ಅವರ ಕೈಯಲ್ಲಿ ಅದರ ತುದಿ. ಕೆಳಗೆ ನೀರು ಹಿಮ್ಮಡಿಯನ್ನು ಸೆಳೆದದ್ದೇ ಹೆದರಿ ಕಂಬ ಅಪ್ಪಿಕೊಂಡೆ.

"ಏನಾಗಲ್ಲ," ಎಂದರು ಅವರು. "ಕಾಲು ಸ್ವಲ್ಪ ಎಡಕ್ಕಿಡು."