ಕುರ್ಚಿ ಸಾವಕಾರ ಬೆಂಚಿನ ಮೇಲೆ ಕೂತದ್ದು

ಬೈಬಲ್ಲಿನ ಒಂದೇ ಒಂದು ಮಾತಿನ ಅರ್ಥ ತಿಳಿಯಲು ನನಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಮದುವೆಯ ಕುರ್ಚಿಗಳ ಪೂರ್ತಿ ಬಾಡಿಗೆ, ಒಬ್ಬ ಸಾಹೇಬನ ಬಂಗಲೆಯ ಸಮಸ್ತ ಸಾಮಾನು ಕೊಳ್ಳುವ ಅವಕಾಶ, ಮತ್ತು ಕೆಲವು ದಿನ ಹೆಂಡತಿ ಮಾತಿಲ್ಲದೆ ಬಡಿಸಿದ ಊಟ. ಇಷ್ಟು ಕೊಟ್ಟೂ ನಾನು ಸೋತೆನೆಂದು ಇಂದಿಗೂ ಅನಿಸಿಲ್ಲ. ಸೋತಿದ್ದರೆ ನಿಮ್ಮ ಮುಂದೆ ಹೇಳುತ್ತಿರಲಿಲ್ಲ. ವ್ಯಾಪಾರಿಗೆ ಅಷ್ಟು ಬುದ್ಧಿ ಇರುತ್ತದೆ.

ನಾನು ಪುಣೆಯ ಲಷ್ಕರವೆಂಬ ದಂಡಿನ ಪೇಟೆಯಲ್ಲಿ ಹಳೆಯ ಕುರ್ಚಿ ಮೇಜುಗಳ ವ್ಯಾಪಾರಿ. ದಂಡಿನ ಸಾಹೇಬರಿಗೆ ವರ್ಗವಾದಾಗ ಅವರ ಬಂಗಲೆಯ ಸಾಮಾನು ಹರಾಜಿಗೆ ಬರುತ್ತದೆ. ಅದನ್ನು ಕೊಂಡು, ರಿಪೇರಿ ಮಾಡಿಸಿ, ಕೆಲವನ್ನು ಮಾರುತ್ತೇನೆ, ಕೆಲವನ್ನು ಮದುವೆಗೆ ಸಭೆಗೆ ಬಾಡಿಗೆ ಕೊಡುತ್ತೇನೆ. ಬೆಟಗೇರಿಯ ನೇಕಾರರ ಮನೆಯಿಂದ ಬರಿಗೈಯಲ್ಲಿ ಬಂದವನು ನಾನು. ಮೊದಲ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೀದಿ ಬೀದಿ ತಿರುಗಿ ಮಾರಿದ್ದೇನೆ. ಈಗ ನಮ್ಮ ಕಡೆ ದೊಡ್ಡ ಮನುಷ್ಯರು ಎಲ್ಲಿ ಸೇರಿದರೂ ಕೂಡುವುದು ನನ್ನ ಕುರ್ಚಿಯ ಮೇಲೆಯೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕುರ್ಚಿ ಕೊಳ್ಳುವವನು ಪಾಲಿಶ್ ನೋಡಬಾರದು, ಬೋರಲು ಹಾಕಿ ಕೀಲು ನೋಡಬೇಕು. ದೇವರ ವಾಕ್ಯವನ್ನೂ ನಾನು ಹಾಗೆಯೇ ಓದುತ್ತೇನೆ. ನಾವು ಕನ್ನಡ ಕ್ರೈಸ್ತರು ಕೆಲವೇ ಮನೆಯವರು ಭಾನುವಾರ ಮಧ್ಯಾಹ್ನ ಮರಾಠಿ ಸಭೆಯವರು ಬಿಟ್ಟುಕೊಟ್ಟ ಕೋಣೆಯಲ್ಲಿ ಸೇರುತ್ತೇವೆ. ಉಳಿದವರು ಪ್ರಸಂಗ ಕೇಳುತ್ತ ತಲೆದೂಗುತ್ತಾರೆ, ಕೆಲವರು ತೂಕಡಿಸುತ್ತಾರೆ. ನಾನು ಮಾತ್ರ ‘ಇದನ್ನು ಸೋಮವಾರ ಅಂಗಡಿಯಲ್ಲಿ ನಡೆಸುವುದು ಹೇಗೆ?’ ಎಂದು ಯೋಚಿಸುತ್ತೇನೆ. ಹೀಗೆ ಒಂದು ವಾರ ಸಭಾಪಾಲಕರು ಓದಿದ್ದು, ಮದುವೆಗೆ ಕರೆದರೆ ಮೇಲಿನ ಜಾಗದಲ್ಲಿ ಹೋಗಿ ಕೂಡಬೇಡ, ನಿನಗಿಂತ ದೊಡ್ಡವನು ಬಂದರೆ ನಾಚಿಕೊಂಡು ಎದ್ದು ಹಿಂದಕ್ಕೆ ಹೋಗಬೇಕಾದೀತು, ಕಡೆಯ ಜಾಗದಲ್ಲಿ ಕೂಡು, ಆಗ ಕರೆದವನೇ ಬಂದು ನಿನ್ನನ್ನು ಮೇಲಕ್ಕೆ ಕರೆಯುವನು ಎಂಬ ಯೇಸುಸ್ವಾಮಿಯ ಬುದ್ಧಿವಾದ. ಹಾಗೆ ಎದ್ದು ಹೋಗುವವನ ಮುಖ ನೆನೆದು ನನಗೆ ನಗು ಬಂತು, ಮೈಯೂ ಜುಮ್ಮೆಂದಿತು. ಸ್ವಾಮಿ ಬಡಗಿಯ ಮನೆಯಲ್ಲಿ ಬೆಳೆದವನಲ್ಲವೇ! ಆಸನದ ವಿಚಾರ ಅವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಆ ಕಾಲದ ಔತಣದಲ್ಲಿ ಜನ ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ, ಒರಗಿಕೊಂಡು ಉಣ್ಣುತ್ತಿದ್ದರು ಎಂದು ಸಭಾಪಾಲಕರು ವಿವರಿಸಿದರು. ಹಾಗಾದರೆ ಒಬ್ಬೊಬ್ಬನಿಗೂ ಮಂಚದಂಥ ಒಂದೊಂದು ದಿವಾನ ಬೇಕು, ಬಾಡಿಗೆ ಎಷ್ಟಾದೀತು ಎಂದು ನಾನು ಪ್ರಾರ್ಥನೆ ಮುಗಿಯುವವರೆಗೂ ಗುಣಿಸುತ್ತಿದ್ದೆ. ನಮ್ಮ ಕಡೆ ಕುರ್ಚಿ ಬಂದದ್ದೇ ಮೊನ್ನೆ ಮೊನ್ನೆ. ಅದಕ್ಕೂ ಮೊದಲು ದೇಸಾಯರು ಲೋಡಿಗೆ ಒರಗುತ್ತಿದ್ದರು, ಕುಲಕರ್ಣಿ ಜಮಖಾನೆಯ ಮೇಲೆ, ರೈತ ನೆಲದ ಮೇಲೆ, ನಮ್ಮಂಥವರು ಬಾಗಿಲ ಹೊರಗೆ. ಕುರ್ಚಿ ಬಂದ ಮೇಲೆ ಎಲ್ಲರೂ ಒಂದೇ ಎತ್ತರಕ್ಕೆ ಬಂದೆವಲ್ಲ ಎನ್ನುವಷ್ಟರಲ್ಲಿ ಜನ ಕುರ್ಚಿಯಲ್ಲೂ ಜಾತಿ ಮಾಡಿದರು: ಮುಂದೆ ಮೆತ್ತನೆಯ ಕೋಚು, ಅದರ ಹಿಂದೆ ಬೆತ್ತದ ಕುರ್ಚಿ, ಅದರ ಹಿಂದೆ ಮಡಚುವ ಕುರ್ಚಿ, ಕಟ್ಟಕಡೆಗೆ ಬೆಂಚು.

ಈ ವಚನ ನಡೆಸಿ ನೋಡುವ ಸಂದರ್ಭ ಬೇಗನೆ ಬಂತು. ನಮ್ಮ ಸಭೆಯ ಇಸಾಕಪ್ಪ ರೈಲ್ವೆ ಕಚೇರಿಯ ಕಾರಕೂನ. ಅವನ ಮಗನ ಮದುವೆಗೆ ಧಾರವಾಡದಿಂದ ಒಬ್ಬ ನಿವೃತ್ತ ಮಾಸ್ತರರು ಬರುವವರಿದ್ದರು. ಅವರ ಮಗನಿಗೆ ನಮ್ಮ ಮಗಳು ಕರುಣಾಳನ್ನು ಕೊಡುವ ಮಾತನ್ನು ಇಸಾಕಪ್ಪನೇ ಎತ್ತಿದ್ದ. ಮಾಸ್ತರರು ನನ್ನನ್ನು ನೋಡಿರಲಿಲ್ಲ. ತಲೆತಲಾಂತರದಿಂದ ಸಾಲೆ ಕಲಿಸಿದ ಮನೆತನ ಅದು. ನಾನೋ ಹಳೇ ಸಾಮಾನಿನವನು. ‘ಗುಜರಿ ಅಂಗಡಿಯವನ ಮಗಳು’ ಎಂದು ಅವರು ಒಂದು ಸಲ ಮನಸ್ಸಿನಲ್ಲಿ ಅಂದುಕೊಂಡರೆ ಸಂಬಂಧ ಅಲ್ಲಿಗೇ ಮುರಿಯುತ್ತದೆ. ಇದೇ ನನ್ನ ಚಿಂತೆ. ಮಗಳಿಗೂ ಆ ಹುಡುಗನ ಫೋಟೋ ಮನಸ್ಸಿಗೆ ಬಂದಿತ್ತು. ಕಪಾಟಿನಲ್ಲಿಟ್ಟದ್ದು ಆಗಾಗ ಜಾಗ ಬದಲಿಸುತ್ತಿತ್ತು.

ಹಾಗಾಗಿ ಆ ಮದುವೆಗೆ ಕುರ್ಚಿಗಳನ್ನೆಲ್ಲ ಪುಕ್ಕಟೆ ಕೊಟ್ಟೆ. ಕಡೆಯ ಸಾಲಿನಲ್ಲಿ ಕೂಡುವುದೆಂದೂ ಗೊತ್ತುಮಾಡಿಕೊಂಡೆ. ಇಸಾಕಪ್ಪ ಹಂದರದ ತುಂಬ ಕೇಳುವಂತೆ ನನ್ನನ್ನು ಮೇಲಕ್ಕೆ ಕರೆಯಬೇಕು, ಮಾಸ್ತರರು ತಿರುಗಿ ನೋಡಬೇಕು. ಹರಾಜಿನ ವಿದ್ಯೆಯೂ ಇದೇ ಅಲ್ಲವೇ? ಬೇಕಾದ ವಸ್ತುವಿನ ಹತ್ತಿರ ಸುಳಿಯದೆ ದೂರ ನಿಂತವನಿಗೇ ಅದು ದಕ್ಕುವುದು.

ನನ್ನ ಹೆಂಡತಿ ಮಾರ್ಥವ್ವನಿಗೆ ಇದು ಹಿಡಿಸಲಿಲ್ಲ. “ಕುರ್ಚಿ ನಿಮ್ಮವು, ರುಮಾಲು ಹೊಸಾದು, ಕೂಡೂದು ಮಾತ್ರ ಚಪ್ಪಲಿ ಬಿಡೋ ಕಡೆ ಏನ್ರಿ?” ಎಂದಳು.

“ವಾಕ್ಯದಾಗ ಹಂಗ ಅದ.”

“ವಾಕ್ಯದಾಗ ಕೂಡ್ರು ಅಂತ ಅದ. ಹೊಂಚು ಹಾಕು ಅಂತ ಇಲ್ಲ.”

ಹೆಂಗಸರ ವ್ಯಾಖ್ಯಾನಕ್ಕೆ ನಾನು ಆ ದಿನ ಬೆಲೆ ಕೊಡಲಿಲ್ಲ. ಕಟ್ಟಕಡೆಯ ಬೆಂಚಿನ ತುದಿಯಲ್ಲಿ ತಲೆಯ ರುಮಾಲು ನೆಟ್ಟಗೆ ಮಾಡಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಇಸಾಕಪ್ಪ ಬಂದ. ಇಗೋ ಬಂತು ಎಂದು ಅರ್ಧ ಎದ್ದೆ. ಅವನು ನನ್ನ ಹೆಗಲು ತಟ್ಟಿ, “ಭಾಳ ಚೊಲೊ ಮಾಡಿದ್ರಿ ದಾನಿಯೇಲಪ್ಪಾರ! ಹಿಂದ ಕೂತ್ರ ಎಲ್ಲಾ ಕುರ್ಚಿ ಮ್ಯಾಲೆ ಕಣ್ಣಿಡಾಕ ಬರತದ. ಹುಡುಗೂರು ಅವನ್ನ ಎಳದಾಡ್ತಾರ ನೋಡ್ರಿ!” ಎಂದು ಹೇಳಿ ಹೋಗಿಯೇ ಬಿಟ್ಟ. ಅರ್ಧ ಎದ್ದವನು ಪೂರ್ತಿ ಕೂತೆ. ಕುರ್ಚಿಯವನು ಹಿಂದೆ ಕೂತರೆ ಅದನ್ನು ನಮ್ರತೆ ಎಂದು ಯಾರೂ ತಿಳಿಯುವುದಿಲ್ಲ, ಕಾವಲು ಎಂದು ತಿಳಿಯುತ್ತಾರೆ. ಈ ತೊಡಕನ್ನು ಸಭಾಪಾಲಕರು ಪ್ರಸಂಗದಲ್ಲಿ ಹೇಳಿರಲಿಲ್ಲ.

ಮುಂದಿನ ಕೋಚಿನಲ್ಲಿ ಬಿಳಿ ಮೀಸೆಯ ಮಾಸ್ತರರು ಕೂತದ್ದು ಕಾಣುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಗಡಿಬಿಡಿ. ಇಸಾಕಪ್ಪನ ಕಚೇರಿಯ ಸಾಹೇಬ, ಬರುವುದಿಲ್ಲ ಎಂದವನು, ಮೇಮಸಾಹೇಬಳನ್ನು ಕರೆದುಕೊಂಡು ಬಂದೇ ಬಿಟ್ಟಿದ್ದ. ಮುಂದೆ ಜಾಗವಿಲ್ಲ. ಇಸಾಕಪ್ಪ ಬೆವರುತ್ತ ಹೋಗಿ ಮಾಸ್ತರರ ಕಿವಿಯಲ್ಲಿ ಏನೋ ಹೇಳಿದ. ಮುದುಕರು ಎದ್ದರು. ಎರಡನೆಯ ಸಾಲಿನವರು ಮೇಲೆ ಚಪ್ಪರದ ಹೂ ನೋಡಿದರು, ಮೂರನೆಯ ಸಾಲಿನವರು ಕೆಳಗೆ ತಮ್ಮ ಕಾಲು ನೋಡಿಕೊಂಡರು. ಸಾಲು ಸಾಲು ದಾಟಿ, ಕೈಯಲ್ಲಿ ಕೊಡೆ ಹಿಡಿದು, ಅವರು ನನ್ನ ಬೆಂಚಿನವರೆಗೂ ಬಂದರು. ಮುಖ ಕೆಂಪಾಗಿತ್ತು. ವಚನದ ಮೊದಲ ಅರ್ಧ ಕಣ್ಣೆದುರಿಗೇ ನಡೆದುಬಂದಂತಾಯಿತು. ಆದರೆ ಪ್ರಸಂಗದಲ್ಲಿ ಕೇಳಿದಾಗ ಬಂದ ನಗು ಈಗ ಬರಲಿಲ್ಲ. ನಾನು ಸರಿದೆ. ಅವರು ಇನ್ನೊಂದು ತುದಿಯಲ್ಲಿ ಕೂತರು.

ಆ ತುದಿಯ ಸಂಗತಿ ನನಗೆ ಗೊತ್ತು. ಅದರ ಕಾಲುಗಳು ಒಮ್ಮೆ ಮುರಿದಿದ್ದವು. ಬಡಗಿ ಅವನ್ನು ಒಳಗೆ ಸರಿಸಿ ಬಡಿದಿದ್ದ. ಎರಡೂ ಕಡೆ ಜನ ಇದ್ದರೆ ಚಿಂತೆಯಿಲ್ಲ. ಈ ಕಡೆಯವನು ಎದ್ದನೋ, ಬೆಂಚು ತಕ್ಕಡಿಯಂತೆ ಮೇಲೇಳುತ್ತದೆ, ಆ ಕಡೆಯವನು ನೆಲಕ್ಕೆ.

ಇದೇ ಗಳಿಗೆಯಲ್ಲಿ ನನ್ನ ಕರೆ ಬಂತು. ಸಾಹೇಬ ಕೋಚಿನ ತೋಳನ್ನು ಸವರಿ, ಇದು ಯಾರದೆಂದು ಕೇಳಿರಬೇಕು. ತಾನು ವಿಲಾಯತಿಗೆ ಹೊರಟಿರುವುದಾಗಿಯೂ ಬಂಗಲೆಯ ಸಾಮಾನು ಇಡಿಯಾಗಿ ಕೊಡುವುದಾಗಿಯೂ ಹೇಳಿದನಂತೆ. ಇಸಾಕಪ್ಪ ಹಂದರದ ತುಂಬ ಕೇಳುವಂತೆ ಕೂಗಿದ: “ದಾನಿಯೇಲಪ್ಪಾರ! ಮ್ಯಾಲೆ ಬರ್ರಿ! ಸಾಹೇಬರು ನಿಮ್ಮನ್ನ ಕರೀಲಿಕ್ಕತ್ಯಾರ!” ನಾನು ಬಯಸಿದ ಮಾತು, ಬಯಸಿದ ಧ್ವನಿಯಲ್ಲಿ! ಎಲ್ಲ ತಲೆಗಳೂ ತಿರುಗಿದವು. ಮಾರ್ಥವ್ವ ಹೆಂಗಸರ ಕಡೆಯಿಂದ ಕಣ್ಣಿನಲ್ಲೇ ನನ್ನನ್ನು ಎಬ್ಬಿಸುತ್ತಿದ್ದಳು.

“ತುಸು ಏಳ್ರಿ” ಎಂದು ಮಾಸ್ತರರಿಗೆ ಹೇಳಿ ನಾನು ಹೋಗಬಹುದಿತ್ತು. ಆದರೆ ಒಂದೇ ಹಂದರದಲ್ಲಿ ಒಬ್ಬ ಹಿರಿಯನಿಗೆ ಎರಡನೆಯ ಸಲ ‘ಏಳಿರಿ’ ಎನ್ನುವುದು ಹೇಗೆ? ನಾನು ಕೂತಲ್ಲಿಂದಲೇ ಕೂಗಿದೆ: “ಇಲ್ಲೇ ಆರಾಮ ಕೂತೀನ್ರಿ. ಸಾಹೇಬರಿಗೆ ನಮಸ್ಕಾರ ಹೇಳ್ರಿ!” ಕರೆದರೂ ಬಾರದವನನ್ನು ಸಾಹೇಬರು ಎರಡನೆಯ ಸಲ ಕರೆಯುವುದಿಲ್ಲ. ಆ ಸಾಮಾನು ಬೇರೆಯವರ ಪಾಲಾಯಿತು. ಅದರಲ್ಲಿ ಒಂದು ಬರ್ಮಾ ತೇಗದ ಮೇಜಿತ್ತಂತೆ. ಆ ಮಾತು ಬಿಡಿ.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಕೇಳಿದರು: “ನೀವ ಏನ್ರಿ ಆ ಕುರ್ಚಿ ಸಾವಕಾರರು? ಕರದಾಗ ಹೋಗಬೇಕಿಲ್ಲೋ?”

“ನಾ ಎದ್ರ ನೀವು ಬೀಳ್ತೀರ್ರಿ” ಎಂದು ಬೆಂಚಿನ ಕಾಲು ತೋರಿಸಿದೆ.

ಅವರು ಬಗ್ಗಿ ನೋಡಿದರು. “ಅಯ್ಯ! ಇಂಥಾದ್ದರ ಮ್ಯಾಲೆ ಕೂಡ್ರಿಸಿ ಸುಮ್ಮನ ಕೂತೀರಲ್ಲ! ಮೊದಲ ಹೇಳಬಾರದೇನ್ರಿ?”

“ಮತ್ತ ಏಳ್ರಿ ಅಂತ ನಿಮಗ ಹ್ಯಾಂಗ ಹೇಳ್ಲಿರಿ?”

ಅವರ ಮೀಸೆ ಅಲುಗಾಡಿತು. ಕೊಡೆಯ ಮೇಲೆ ಗದ್ದವಿಟ್ಟು ಮೈ ಕುಲುಕುವಂತೆ ನಕ್ಕರು, ಬೆಂಚೂ ಜೊತೆಗೆ ಕಿರುಗುಟ್ಟಿತು. ಕಣ್ಣು ಒರೆಸಿಕೊಂಡು, “ನಾಳೆ ಚಹಾಕ್ಕ ನಿಮ್ಮ ಮನಿಗೆ ಬರ್ತೀನಿ. ಹುಡುಗೀನ್ನ ನೋಡೂದದ. ಆದ್ರ ಕೂಡ್ರಾಕ ನೆಲದ ಮ್ಯಾಲೆ ಚಾಪಿ ಹಾಸ್ರಿ, ನಿಮ್ಮ ಕುರ್ಚೀದು ನನಗ ಭರೋಸೆ ಇಲ್ಲ” ಎಂದರು.

ಕರುಣಾ ಈಗ ಧಾರವಾಡದಲ್ಲಿ ಆ ಮನೆಯ ಸೊಸೆ. ಇದು ನನ್ನ ಜೀವಮಾನದ ಅತ್ಯುತ್ತಮ ವ್ಯವಹಾರ ಎಂದು ನಾನು ಎದೆಯುಬ್ಬಿಸಿ ಹೇಳಿದಾಗಲೆಲ್ಲ ಮಾರ್ಥವ್ವ, “ನೀವು ಎದ್ದು ಹೋಗಿದ್ರೂ ಅವರು ಬರವರ ಇದ್ರು. ಹುಡುಗಿ ಛಲೋ ಅದಾಳ” ಎನ್ನುತ್ತಾಳೆ. ಇರಬಹುದು. ಆ ವಚನಕ್ಕೆ ಪ್ರತಿಫಲ ಸಿಕ್ಕಿತೋ, ಹುಡುಗಿಯ ಗುಣಕ್ಕೆ ಸಿಕ್ಕಿತೋ, ನಾನು ಚೌಕಾಸಿ ಮಾಡುವುದಿಲ್ಲ. ಕರೆ ಬರಲೆಂದು ಕೂತಾಗ ಬಾರದ ಅರ್ಥ, ಕರೆ ಬಂದರೂ ಕೂತಾಗ ಬಂತು. ನನಗೆ ಅಷ್ಟು ಸಾಕು.

ಆದ್ದರಿಂದ ನನ್ನ ಮಾತು ಕೇಳಿರಿ. ಮದುವೆಗೆ ಹೊರಡುವ ಮೊದಲು ಮನೆಯಲ್ಲಿ ಒಂದಿಷ್ಟು ತಿಂದು ಹೋಗಿರಿ. ಕಡೆಯ ಸಾಲಿಗೆ ಲಾಡು ತಡವಾಗಿ ಬರುತ್ತದೆ. ಅಲ್ಲಿ ಕೂಡುವುದಾದರೆ ಊಟ ಮುಗಿಯುವ ತನಕ ಕೂಡುವ ತಯಾರಿಯಿಂದಲೇ ಕೂಡಿರಿ. ಮುಂದಿನವರ ಬೆನ್ನು ಎಣಿಸುತ್ತ ಕುತ್ತಿಗೆ ನೋಯಿಸಿಕೊಳ್ಳಬೇಡಿ. ಮುಂದಿನ ಸಾಲಿನಿಂದ ಯಾರಾದರೂ ಹಿಂದಕ್ಕೆ ಬಂದರೆ ಬೇಗನೆ ಸರಿದು ಜಾಗ ಕೊಡಿ. ಅವರ ಊರಲ್ಲಿ ಮಳೆ ಹೇಗಿದೆ ಎಂದು ಕೇಳಿ, ಮಕ್ಕಳೆಷ್ಟು ಎಂದು ಕೇಳಿ. ಯಾಕೆ ಎದ್ದುಬಂದಿರಿ ಎಂದು ಮಾತ್ರ ಕೇಳಬೇಡಿ.