ವಾಯರಿಲ್ಲದ ರೇಸು

ನನಗೆ ಗಾಡಿ ಕಲಿಸಿದವನು ನನ್ನ ಕಾಕಾ, ಅಪ್ಪನ ತಮ್ಮ. ಅಕ್ಕಲಕೋಟ ಕಡೆಯ ನಮ್ಮ ಹೊಲದ ದಾರಿಯಲ್ಲಿ, ಕೈಬ್ರೇಕು ಎಂದೋ ಸತ್ತುಹೋಗಿದ್ದ ಜೀಪಿನಲ್ಲಿ. ಏರಿನಲ್ಲಿ ನಿಂತರೆ ಬಲಗಾಲನ್ನು ಅಡ್ಡ ಮಾಡುತ್ತಿದ್ದ: ಮುಂಗಾಲು ಬ್ರೇಕಿನ ಮೇಲೆ, ಹಿಮ್ಮಡಿ ರೇಸಿನ ಮೇಲೆ. ನಮ್ಮಲ್ಲಿ ಆಕ್ಸಿಲರೇಟರಿಗೆ ರೇಸ್ ಎಂದೇ ಹೆಸರು. ಒಂದೇ ಪಾದದಲ್ಲಿ ಎರಡನ್ನೂ ಒತ್ತಿ, ಎಡಗಾಲಿನ ಕ್ಲಚ್ಚು ಬಿಡುತ್ತ, ಜೀಪು ಒಂದು ಗೇಣೂ ಹಿಂದೆ ಸರಿಯದಂತೆ ಹತ್ತಿಸುತ್ತಿದ್ದ.

ಈಚೆಗೆ ನಾನು ಟರ್ಬೊ ಪೆಟ್ರೋಲ್ ಕಾರು ತಂದೆ. ಆಸೆಯಿಂದ ಓಡಿಸಲು ಕೂತ ಕಾಕಾ, ಊರಾಚೆಯ ಸೇತುವೆ ಏರಿನಲ್ಲಿ ಅದನ್ನು ಮೂರು ಸಲ ಬಂದ್ ಬೀಳಿಸಿದ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಹಾರ್ನೋ ಹಾರ್ನು.

"ರೇಸ ಒತ್ತಿದ್ರೂ ಏಳವಲ್ದವಾ ಇದು!"

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. "ಸಾಕ ಬಿಡ ಕಾಕಾ, ವಯಸ್ಸಾತು ನಿನಗ. ಇನ್ನ ಸ್ಟೇರಿಂಗ ಹಿಡೀಬ್ಯಾಡ" ಎಂದು ಕೈಯೊಡ್ಡಿದೆ. ಅವನು ಕೀಲಿ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತ.

ಆ ಮುಖ ನಾನಿರುವ ಸೊಲ್ಲಾಪುರದ ತನಕ ನನ್ನನ್ನು ಬಿಡಲಿಲ್ಲ. ಮರುದಿನ ವಿಜಾಪುರ ರಸ್ತೆಯ ಗ್ಯಾರೇಜಿಗೆ ಹೋಗಿ, ರೇಸಿನ ವಾಯರು ಸಡಿಲಾಗಿರಬೇಕು, ಬಿಗಿ ಮಾಡಿ ಎಂದೆ. ಮಿಸ್ತ್ರಿ ನಕ್ಕುಬಿಟ್ಟ.

"ವಾಯರ ಎಲ್ಲೈತ್ರಿ ಅಕ್ಕಾರ ಇದರಾಗ?"

ನಾನು ಬಿಡುವವಳೇ? ಹಾಗಾದರೆ ನನ್ನ ಕಾಲಿನ ಮಾತು ಇಂಜಿನ್ನಿಗೆ ಹೇಗೆ ಮುಟ್ಟುತ್ತದೆ ಎಂದು ಕೆದಕಿದೆ. ಅವನು ಬಾನೆಟ್ ಎತ್ತಿ, ಕೊಳವೆ ಬಿಚ್ಚಿ, ಗಾಳಿ ಒಳಹೋಗುವ ಬಾಯಲ್ಲಿ ದುಂಡನೆಯ ಮುಚ್ಚಳವೊಂದನ್ನು ತೋರಿಸಿದ. ಅದನ್ನು ತಿರುಗಿಸುವುದು ಸಣ್ಣ ಮೋಟರು, ಮೋಟರಿಗೆ ಅಪ್ಪಣೆ ಕೊಡುವುದು ಕಂಪ್ಯೂಟರು. ಪೆಡಲು ಬರೇ ಅರ್ಜಿ ಹಾಕುತ್ತದೆ, ಇಷ್ಟು ಜೋರು ಬೇಕು ಎಂದು. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಪಂಖ. ಅದು ಎಷ್ಟು ಗಾಳಿ ನೂಕುತ್ತಿದೆ ಎಂದು ನೋಡಿಕೊಂಡು, ಮುಚ್ಚಳ ಎಷ್ಟು ತೆರೆಯಬೇಕೆಂದು ಕಂಪ್ಯೂಟರೇ ತೀರ್ಮಾನಿಸುತ್ತದೆ.

"ಪೆಡಲಿಗೆ ಎರಡ ಸೆನ್ಸರ್ ಅದಾವ್ರಿ. ಒಂದರ ಮಾತ ನಂಬಂಗಿಲ್ಲ ಅದು. ಎರಡೂ ಸಾಕ್ಷಿ ಕೂಡಿದ್ರನ ಖರೆ."

"ಬ್ರೇಕೂ ರೇಸೂ ಕೂಡೇ ಒತ್ತಿದ್ರ?"

"ಬ್ರೇಕಿನ ಮಾತ ಕೇಳತೈತ್ರಿ. ರೇಸ ಬಂದ್!"

ಅಯ್ಯೋ ನನ್ನ ಶಾಣೇತನವೇ! ಸೇತುವೆ ಏರಿನಲ್ಲಿ ಕಾಕಾ ಇಟ್ಟಿದ್ದ ಅಡ್ಡಗಾಲು ಕಣ್ಣಮುಂದೆ ಬಂತು. ಅದೇ ಕಾಲಿನಿಂದ ಕಲಿತವಳು ನಾನು, ಅದನ್ನೇ ಮರೆತಿದ್ದೆ.

ಭಾನುವಾರ ಅವನನ್ನು ಅದೇ ಏರಿಗೆ ಕರೆದೊಯ್ದು ಎಲ್ಲವನ್ನೂ ಹೇಳಿ ಕೀಲಿ ಕೊಟ್ಟೆ. ಹಾಯುವ ಎತ್ತೋ ಅಲ್ಲವೋ ಎಂದು ನೋಡುವವನಂತೆ ಕೈಬ್ರೇಕನ್ನು ಮೆಲ್ಲಗೆ ಮುಟ್ಟಿದ. ಎಳೆದ. ಬಲಗಾಲನ್ನು ರೇಸಿನ ಮೇಲಷ್ಟೇ ಇಟ್ಟು, ಕ್ಲಚ್ಚು ಬಿಡುತ್ತ ಕೈಬ್ರೇಕು ಇಳಿಸಿದ. ಬೆಣ್ಣೆಯಿಂದ ಕೂದಲು ತೆಗೆದಂತೆ ಕಾರು ಹತ್ತಿತು. ನಾನು ಚಪ್ಪಾಳೆ ತಟ್ಟಿದೆ.

ಮೇಲೆ ಹೋಗಿ ಬದಿಗೆ ನಿಲ್ಲಿಸಿದ. ನಗಲಿಲ್ಲ.

"ಗಾಡಿ ಎರಡ ಸಾಕ್ಷಿ ಕೇಳದ ನಂಬಂಗಿಲ್ಲ ಅಂದಿ, ಹೌದಿಲ್ಲೊ?"

"ಹೌದ ಕಾಕಾ."

"ನೀ ನನ್ನ ಒಂದ ಮಾತರೆ ಕೇಳದನ ಕೀಲಿ ಇಸ್ಕೊಂಡೆಲ್ಲ, ಯವ್ವಾ."