ಎಕ್ಕದಕ್ಕ ಕಟ್ಟದೆ ಬಿಟ್ಟ ಪಟ್ಟಿ

ಬೆಳಗಿನ ಐದೂವರೆ. ಬಸ್ ಡಿಪೋದ ಹಿಂಬದಿ ಗೋಡೆಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಒಳಗೆ ಮೊದಲ ಬಸ್ಸು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುತ್ತಿದೆ. ಹೊರಗೆ, ಉದ್ದ ಪೊರಕೆಯನ್ನು ತಳ್ಳುಗಾಡಿಗೆ ಒರಗಿಸಿಟ್ಟು, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಎಕ್ಕದ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಾರೆ. ಎಲೆಯ ಅಡಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಕಂಡರೆ ಒಂದು ಬೆರಳು ಮಡಿಸುತ್ತಾರೆ. ಅರವತ್ತೆರಡು ಗಿಡ ನೋಡಿ ಮುಗಿಸುವಾಗ ಮಡಿಚಿರುವುದು ಮೂರು ಬೆರಳು.

"ಮೂರೇ," ಎನ್ನುತ್ತಾರೆ, ಯಾರೋ ಮೋಸ ಮಾಡಿದ ಹಾಗೆ. "ಆ ಕಡೆ ಗೋಡೇಲಿ ಒಂಬತ್ತಿದೆ. ನಿನ್ನೆ ಎಣಿಸ್ಕೊಂಡು ಬಂದೆ."

ಆ ಕಡೆ ಗೋಡೆ ಎಂದರೆ ಎರಡು ಬೀದಿ ಆಚೆಗಿರುವ ಓರಗಿತ್ತಿಯ ಮನೆಯ ಗೋಡೆ. ಗಂಡನ ತಮ್ಮನ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆಯ ಸಮವಸ್ತ್ರ ಹೊಲಿಯುವವರು. ಅವರ ಮಾತು ಬಾರದೆ ಈ ಹೆಂಗಸಿನ ಯಾವ ಮಾತೂ ಐದು ನಿಮಿಷ ದಾಟುವುದಿಲ್ಲ. ಹೊಗಳಿಕೆಯಿಂದ ಶುರುವಾಗಿ ಹೊಟ್ಟೆಯುರಿಯಲ್ಲಿ ಮುಗಿಯುತ್ತದೆ. ಅದನ್ನು ಮುಚ್ಚಿಡುವ ಅಭ್ಯಾಸವೂ ಇವರಿಗಿಲ್ಲ.

ಬಡಾವಣೆಯಲ್ಲಿ ಇವರನ್ನು ಎಕ್ಕದಕ್ಕ ಎಂದೇ ಕರೆಯುತ್ತಾರೆ. ಕೆಲಸದ ಗುಂಪಿನ ಗಂಡಸರು ತಮಾಷೆಗೆ ಎಕ್ಕಡದಕ್ಕ ಎಂದು ಎಳೆದರೆ, ಒಂದು ಎಕ್ಕಡ ಕೈಗೆ ತೆಗೆದುಕೊಂಡೇ ಉತ್ತರ ಕೊಡುತ್ತಾರೆ. ಆ ಹೆಸರಿನ ಬಗ್ಗೆ ಬೇಜಾರೇನಿಲ್ಲ. ಬೇಜಾರಿರುವುದು ಓರಗಿತ್ತಿಗೆ ಸಿಕ್ಕ ಹೆಸರಿನ ಬಗ್ಗೆ. ಅವರನ್ನು ಜನ ಚಿಟ್ಟೆಯಮ್ಮ ಎನ್ನುತ್ತಾರೆ. "ಗಿಡ ಬೆಳೆಸೋಳು ನಾನು, ಚಿಟ್ಟೆ ಅವಳದ್ದು. ಯಾವ ನ್ಯಾಯ ಹೇಳಿ?"

ಹದಿನೆಂಟು ವರ್ಷದಿಂದ ಇವರು ಪೌರಕಾರ್ಮಿಕರು. ನಾಲ್ಕು ಬೀದಿ, ಒಂದು ಡಿಪೋ ಗೋಡೆ, ಒಂದು ಚರಂಡಿಯ ದಂಡೆ ಇವರ ಪಾಲಿಗೆ. ದಿನಕ್ಕೆ ಏಳೆಂಟು ಗಾಡಿ ಕಸ. ನಾಲ್ಕು ವರ್ಷದ ಹಿಂದಿನವರೆಗೂ ಎಕ್ಕ ಕಂಡರೆ ಬೇರುಸಹಿತ ಕಿತ್ತು ಗಾಡಿಗೆ ಎಸೆಯುವುದೇ ಕೆಲಸವಾಗಿತ್ತು. ಒಂದು ಬೆಳಿಗ್ಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಲುಂಗಿ ಎತ್ತಿಕಟ್ಟಿಕೊಂಡು ಓಡಿಬಂದು, ಕಿತ್ತ ಗಿಡವನ್ನು ಇವರ ಕೈಯಿಂದ ಕಸಿದುಕೊಂಡರಂತೆ. ತಲೆ ಕೆಟ್ಟಿದೆ ಎಂದುಕೊಂಡು ಇವರು ಎರಡು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರು ಎಲೆ ಮಗುಚಿ ತೋರಿಸಿದರು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಒಂದು ಎಲೆಯಂಚನ್ನು ಗರಗರ ಮೇಯುತ್ತಿತ್ತು. ಬಡಾವಣೆಯಲ್ಲಿ ಕೇಸರಿ ರೆಕ್ಕೆಯ ಚಿಟ್ಟೆ ಕಾಣೆಯಾಗಿದ್ದು ಯಾಕೆ ಎಂದು ನಾನು ಎರಡು ವರ್ಷದಿಂದ ಹುಡುಕುತ್ತಿದ್ದೆ, ಈಗ ಗೊತ್ತಾಯಿತು ನೋಡಮ್ಮ, ಎಂದರು. ಅದರ ಹುಳುವಿಗೆ ಇರುವುದು ಇದೊಂದೇ ಊಟ, ನೀನು ದಿನಾ ತಟ್ಟೆ ಕಿತ್ತುಕೊಳ್ಳುತ್ತಿದ್ದೀಯ ಎಂದೂ ಹೇಳಿದರು.

"ಬೈದಿದ್ರೆ ಏನೂ ಅನ್ನಿಸ್ತಿರ್ಲಿಲ್ಲ. ತಟ್ಟೆ ಅಂದ್ಬಿಟ್ರು. ಅವತ್ತು ಮಧ್ಯಾಹ್ನ ನಂಗೆ ಊಟ ಸೇರಲಿಲ್ಲ."

ಆಮೇಲೆ ಇವರು ಹಿಡಿದ ಹಟ ಮೇಷ್ಟ್ರಿಗೇ ಹೆದರಿಕೆ ಹುಟ್ಟಿಸುವಂಥದ್ದು. ಕಾಯಿ ಒಡೆದು ಹತ್ತಿ ಹಾರಿಹೋಗುವ ಮುಂಚೆ ಬೀಜ ಕೂಡಿಡುವುದು, ಖಾಲಿ ಹಾಲಿನ ಪ್ಯಾಕೆಟ್ಟಿನಲ್ಲಿ ಮಣ್ಣು ತುಂಬಿ ಸಸಿ ಮಾಡುವುದು, ಯಾರಿಗೂ ಬೇಡದ ಡಿಪೋ ಗೋಡೆಗೆ ತಂದು ನೆಡುವುದು. ಜೊತೆಗೆ ತುಂಬೆ, ಉತ್ತರಾಣಿ, ಕಾಡು ತುಳಸಿ. ಮೊದಲ ವರ್ಷ ಎಕ್ಕದ ಹಾಲು ಕಣ್ಣಿಗೆ ಸಿಡಿದು ಮೂರು ದಿನ ಕಣ್ಣು ಬಿಡಲಾಗಲಿಲ್ಲ. ಕಸ ಗುಡಿಸೋಳೇ ಕಸ ಬೆಳೆಸ್ತಾಳೆ ಎಂದು ನಿವಾಸಿಗಳು ದೂರು ಕೊಟ್ಟರು, ಮೇಸ್ತ್ರಿ ಎರಡು ಸಲ ಕರೆದು ಉಗಿದರು. ಡಿಪೋದಲ್ಲಿ ಬಸ್ಸಿಗೆ ಟಯರು ಹಾಕುವ ಗಂಡ, ನಿನಗೆ ಗುಲಾಬಿಯಂಥ ಗಿಡದ ಮೇಲೆ ಯಾಕೆ ಪ್ರೀತಿ ಬರಲಿಲ್ಲ ಎಂದು ಇವತ್ತಿಗೂ ಕೇಳುತ್ತಾರೆ.

ಈಗ ಬಡಾವಣೆಯಲ್ಲಿ ಮೂವತ್ತು ಮನೆಯವರ ಒಂದು ಗಿಡದ ಬಳಗವಿದೆ. ಪ್ರತಿ ಭಾನುವಾರ ಬೆಳಿಗ್ಗೆ ಮೇಷ್ಟ್ರು ಮುಂದೆ, ಉಳಿದವರು ಹಿಂದೆ ನಡೆದು ಮೊಟ್ಟೆ, ಹುಳು, ಚಿಟ್ಟೆ, ದುಂಬಿ ಎಣಿಸುತ್ತಾರೆ. ಎಣಿಕೆಯನ್ನು ಹಾಲಿನ ಬೂತಿನ ಪಕ್ಕದ ಕರಿಹಲಗೆಯಲ್ಲಿ ಗಿಡ ನೋಡಿಕೊಳ್ಳುವವರ ಹೆಸರಿನ ಎದುರು ಬರೆಯುತ್ತಾರೆ. ಹೆಚ್ಚು ಇದ್ದವರು ಮೇಲೆ, ಕಡಿಮೆ ಇದ್ದವರು ಕೆಳಗೆ. ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಏರ್ಪಾಡು. ಆದರೆ ಕರಿಹಲಗೆಯ ಮುಂದೆ ಮನುಷ್ಯರ ಬುದ್ಧಿ ಒಂದನೇ ಕ್ಲಾಸಿಗೆ ಇಳಿಯುತ್ತದೆ ಎಂಬುದು ಇಷ್ಟು ವರ್ಷ ಪಾಠ ಮಾಡಿದವರಿಗೆ ಗೊತ್ತಿರಬೇಕಿತ್ತು.

ಗಿಡಗಳನ್ನು ಉಳಿಸಲು ಒಂದು ಉಪಾಯವನ್ನೂ ಎಕ್ಕದಕ್ಕನೇ ಕಂಡುಹಿಡಿದರು. ತಿಂಗಳಿಗೊಮ್ಮೆ ರಸ್ತೆಯಂಚಿನ ಕಳೆ ಕೊಚ್ಚಲು ಮಿಷನ್ನಿನವರು ಬರುತ್ತಾರೆ. ಅವರಿಗೆ ಎಕ್ಕವೂ ಒಂದೇ, ಹುಲ್ಲೂ ಒಂದೇ. ಹಾಗಾಗಿ ಉಳಿಸಬೇಕಾದ ಗಿಡಕ್ಕೆ ಹಸಿರು ಬಟ್ಟೆಯ ಪಟ್ಟಿ ಕಟ್ಟುವುದು, ಪಟ್ಟಿ ಇದ್ದುದನ್ನು ಅವರು ಮುಟ್ಟದಿರುವುದು ಎಂದು ಒಪ್ಪಂದವಾಯಿತು. ಬಿಸಿಲಿಗೆ ಬಣ್ಣ ಹೋಗಿ ಪಟ್ಟಿ ಮಾಸಿಹೋಗುತ್ತದೆ. ಅದಕ್ಕೇ ಮಿಷನ್ ಬರುವ ಮುನ್ನಾದಿನ ನೂರಾ ಹದಿನಾಲ್ಕು ಗಿಡಗಳಿಗೂ ಇವರು ಹೊಸ ಪಟ್ಟಿ ಕಟ್ಟುತ್ತಾರೆ. ಬಟ್ಟೆ ಬರುವುದು ಓರಗಿತ್ತಿಯ ಹೊಲಿಗೆಯ ಚಿಂದಿಯಿಂದ. ಸಮವಸ್ತ್ರದ ಹಸಿರನ್ನು ಅವರೇ ಒಂದೇ ಅಳತೆಗೆ ಕತ್ತರಿಸಿ, ಹತ್ತರ ಕಟ್ಟು ಮಾಡಿ ಇಟ್ಟಿರುತ್ತಾರೆ. ಅದನ್ನು ಹೇಳುವಾಗಲೂ ಎಕ್ಕದಕ್ಕನ ಮೂಗಿನ ತುದಿ ಕೆಂಪಾಗುತ್ತದೆ. ಚಿಂದಿಯನ್ನೂ ಅಂದವಾಗಿ ಕೊಡುವ ಓರಗಿತ್ತಿ ಯಾರಿಗೆ ಬೇಕು?

ಈ ಕರುಬು ಇಂದು ನಿನ್ನೆಯದಲ್ಲ. ಓರಗಿತ್ತಿ ಸೊಸೆಯಾಗಿ ಬಂದ ವಾರಕ್ಕೇ ಅತ್ತೆ, ಚಿಕ್ಕವಳ ಕೈಗುಣ ಚೆನ್ನಾಗಿದೆ ಎಂದಿದ್ದರು. ಅಲ್ಲಿಯವರೆಗೆ ಒಂದು ವರ್ಷ ಆ ಮನೆಯಲ್ಲಿ ಕೈಗುಣದ ಸುದ್ದಿಯೇ ಎದ್ದಿರಲಿಲ್ಲ. ಈಗ ಅತ್ತೆ ಇಲ್ಲ, ಮನೆ ಬೇರೆಯಾಗಿದೆ, ಆದರೆ ಆ ಮಾತು ಪಾಲಾಗಲಿಲ್ಲ. ಎರಡು ವರ್ಷದ ಹಿಂದೆ ಎಕ್ಕದಕ್ಕ ತಾವೇ ಮೊಳೆಸಿದ ಎರಡು ಸಸಿಗಳನ್ನು ಓರಗಿತ್ತಿಗೆ ಕೊಟ್ಟರು. ಅವರು ಗೋಡೆಯ ಹೊರಗೆ ನೆಟ್ಟು, ಅಕ್ಕಿ ತೊಳೆದ ನೀರು ಹುಯ್ದು, ಹೊಲಿಯಲು ಕೂತರು. ಚಿಟ್ಟೆಗಳು ಡಿಪೋ ಗೋಡೆಯ ಅರವತ್ತೆರಡು ಗಿಡಗಳನ್ನು ದಾಟಿ ಆ ಎರಡಕ್ಕೆ ಬಂದು ಮೊಟ್ಟೆಯಿಟ್ಟವು.

ಮೇಷ್ಟ್ರು ಕಾರಣ ಹೇಳಿದ್ದಾರೆ. ಅಲ್ಲಿ ಬೆಳಗಿನ ಬಿಸಿಲು, ಗಾಳಿಯ ಕಾಟವಿಲ್ಲ, ಎದುರಿಗೇ ತುಂಬೆ ಹೂವು. ಇಲ್ಲಿ ಬಸ್ಸಿನ ಹೊಗೆ, ಧೂಳು. ಎಕ್ಕದಕ್ಕ ತಲೆಯಾಡಿಸುತ್ತಾರೆ, ಒಪ್ಪುವುದಿಲ್ಲ. "ಬಿಸಿಲಂತೆ. ಕೈಗುಣ ಅನ್ನಲ್ಲ, ನಂಗೆ ಬೇಜಾರಾಗುತ್ತೆ ಅಂತ."

ಎರಡು ತಿಂಗಳ ಹಿಂದಿನ ಒಂದು ಭಾನುವಾರ ಹಲಗೆಯ ತುದಿಯಲ್ಲಿ ಚಿಟ್ಟೆಯಮ್ಮ, ನಲವತ್ಮೂರು ಹುಳು ಎಂದಿತ್ತು. ಕಟ್ಟಕಡೆಯ ಸಾಲಿನಲ್ಲಿ ಎಕ್ಕದಕ್ಕ, ನಾಲ್ಕು. ಮೇಷ್ಟ್ರು ಎಲ್ಲರ ಮುಂದೆ ಓರಗಿತ್ತಿಗೆ ಕೈಮುಗಿದರು. ಆಕೆ ತಕ್ಷಣ, ಗಿಡ ಅಕ್ಕ ಕೊಟ್ಟಿದ್ದು ಎಂದರು. ಆ ಒಳ್ಳೆಯತನವೇ ಎಕ್ಕದಕ್ಕನಿಗೆ ಹೆಚ್ಚು ಚುಚ್ಚಿತು. ಜಂಬ ಪಟ್ಟಿದ್ದರೆ ಮನೆಗೆ ಹೋಗಿ ಎರಡು ಬೈದು ಹಗುರಾಗಬಹುದಿತ್ತು.

ಗುರುವಾರ ಮಿಷನ್ ಬರುವುದಿತ್ತು. ಬುಧವಾರ ಬೆಳಿಗ್ಗೆ ಇವರು ಎಂದಿನಂತೆ ಪಟ್ಟಿ ಕಟ್ಟುತ್ತಾ ಬಂದರು. ನೂರಾ ಹನ್ನೆರಡು ಕಟ್ಟಿ ಓರಗಿತ್ತಿಯ ಗೋಡೆಯ ಮುಂದೆ ನಿಂತಾಗ ಸೊಂಟದ ಚೀಲದಲ್ಲಿ ಸರಿಯಾಗಿ ಎರಡು ಪಟ್ಟಿ ಉಳಿದಿದ್ದವು. ಗಿಡದ ಮೇಲೆ ಹಳೆಯವು ಎಂದೋ ಪಿಸಿದುಹೋಗಿದ್ದವು. ಎಲೆ ಎಲೆಗೂ ಹುಳು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಎಕ್ಕದಕ್ಕ ಪಟ್ಟಿ ತೆಗೆದರು, ನೋಡಿದರು, ಮತ್ತೆ ಚೀಲಕ್ಕೆ ಹಾಕಿಕೊಂಡು ಮುಂದೆ ಹೋದರು.

ಮರೆತದ್ದೇ ಎಂದು ನಾವು ಎರಡು ಸಲ ಕೇಳಿದ್ದಕ್ಕೆ ಅವರು ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದರು. "ಮರೀಲಿಲ್ಲ. ಕಟ್ಟೋಕೆ ಕೈ ಬರ್ಲಿಲ್ಲ. ಒಂದು ಭಾನುವಾರ ಆ ಹಲಗೇಲಿ ಅವಳ ಹೆಸರು ಮೇಲಿರಬಾರ್ದು ಅನ್ನಿಸ್ತು. ಅಷ್ಟೇ."

ಗುರುವಾರ ಎಂಟು ಗಂಟೆಗೆ ಮಿಷನ್ನಿನವನು ಆ ಬೀದಿ ಮುಗಿಸಿದ್ದ. ಪಟ್ಟಿ ಇರಲಿಲ್ಲ, ಕೊಚ್ಚಿದ; ಅವನ ತಪ್ಪೇನೂ ಇಲ್ಲ. ಕೊಚ್ಚಿದ ಕಳೆಯನ್ನು ಗಾಡಿಗೆ ತುಂಬುವ ಕೆಲಸ ಎಕ್ಕದಕ್ಕನದೇ. ಗಾಡಿ ತಳ್ಳಿಕೊಂಡು ಬಂದಾಗ ಎರಡೂ ಗಿಡ ಗೇಣುದ್ದದ ಬೊಡ್ಡೆಯಾಗಿದ್ದವು, ಕಾಂಡದಿಂದ ಹಾಲು ಸುರಿಯುತ್ತಿತ್ತು. ಬಾಡುತ್ತಿದ್ದ ಎಲೆಗಳ ಮೇಲೆ ಹುಳುಗಳು ಇನ್ನೂ ತಿನ್ನುತ್ತಲೇ ಇದ್ದವು. ಕೆಲವು ಜಜ್ಜಿಹೋಗಿದ್ದವು. ಸಲಿಕೆ ಎತ್ತಲು ಆಗಲಿಲ್ಲ ಎನ್ನುತ್ತಾರೆ.

ಓರಗಿತ್ತಿ ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಹೊರಗೆ ಬಂದರು. ಬಾಯಿಗೆ ಸೆರಗು ಒತ್ತಿಕೊಂಡು ನಿಂತರು. ಆಮೇಲೆ ಎಕ್ಕದಕ್ಕನ ಮುಖ ನೋಡಿ, ಇವರಿಗೇ ಸಮಾಧಾನ ಹೇಳಿದರು. "ಪಟ್ಟಿ ಬಿದ್ದೋಗಿತ್ತೇನೋ, ಅಕ್ಕ. ನೀನೇನು ಮಾಡ್ತೀಯ. ಬಾ, ಬದುಕಿರೋದನ್ನ ಆರಿಸೋಣ."

ಎಕ್ಕದಕ್ಕ ಹೂಂ ಎಂದರು.

ಇಬ್ಬರೂ ಬೀದಿಯಲ್ಲಿ ಕೂತು ಗುಂಡಿ ಹಾಕಿಡುವ ಡಬ್ಬಿ ಖಾಲಿ ಮಾಡಿ ಅದರಲ್ಲಿ ಹುಳು ಆರಿಸಿದರು. ಮೂವತ್ತೊಂದು ಸಿಕ್ಕವು. ಡಿಪೋ ಗೋಡೆಯಲ್ಲಿ ಎಲೆಗೆ ಬರವಿಲ್ಲ. ತಿನ್ನುವವರೇ ಇರದೆ ಗಿಡಗಳು ಸೊಕ್ಕಿ ಬೆಳೆದಿದ್ದವು. ಎಕ್ಕದಕ್ಕ ಒಂದು ಗಿಡಕ್ಕೆ ಎರಡೆರಡರಂತೆ ಬಿಟ್ಟರು. ಎರಡು ವಾರ ದಿನಕ್ಕೆ ಮೂರು ಹೊತ್ತು ಹೋಗಿ ನೋಡಿದರು. ಕಾಗೆ ಬಂದರೆ ಪೊರಕೆ ಬೀಸಿದರು, ಇರುವೆ ಹತ್ತದಂತೆ ಬುಡಕ್ಕೆ ಬೂದಿ ಹಾಕಿದರು. ಮೂವತ್ತೊಂದರಲ್ಲಿ ಇಪ್ಪತ್ತಾರು ಗೂಡು ಕಟ್ಟಿದವು, ಇಪ್ಪತ್ತಾರೂ ರೆಕ್ಕೆ ಬಿಚ್ಚಿದವು. ಬಸ್ಸಿನ ಹೊಗೆಯಲ್ಲಿ ಅಷ್ಟು ಚಿಟ್ಟೆ ಎದ್ದದ್ದನ್ನು ನೋಡಲು ಕಂಡಕ್ಟರುಗಳೂ ಗೋಡೆ ಹತ್ತಿದ್ದರಂತೆ.

ಮೊದಲ ಭಾನುವಾರವೇ ಹಲಗೆಯ ತುದಿಯಲ್ಲಿ ಎಕ್ಕದಕ್ಕ, ಮೂವತ್ತೈದು ಎಂದು ಬಂತು. ಅವರ ನಾಲ್ಕು, ಓರಗಿತ್ತಿಯ ಮೂವತ್ತೊಂದು. ಕಡೆಯ ಸಾಲಿನಲ್ಲಿ ಚಿಟ್ಟೆಯಮ್ಮ, ಸೊನ್ನೆ. ಮೇಷ್ಟ್ರು ಕೈಮುಗಿದರು, ಬಳಗ ಚಪ್ಪಾಳೆ ತಟ್ಟಿತು, ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಓರಗಿತ್ತಿ. ಕೊಚ್ಚಿದ ಗಿಡದಿಂದ ಹುಳು ಉಳಿಸಿದ ಪೌರಕಾರ್ಮಿಕೆಯ ಬಗ್ಗೆ ಬರೆಯಿರಿ ಎಂದು ಮೇಷ್ಟ್ರು ನಮ್ಮ ಭಾನುವಾರದ ಪುರವಣಿಗೆ ಕಾಗದ ಹಾಕಿದ್ದೂ ಆ ಸಂಜೆಯೇ. ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಬಂದವರಿಗೆ ಈ ಕಾಯಿ ತಾನೇ ಎಲೆ ಸರಿಸಿ ತೋರಿಸಿದ್ದು ಹೀಗೆ.

ನಿಜ ಹೇಳಲು ಇವರು ಮೂರು ಸಲ ಓರಗಿತ್ತಿಯ ಬಾಗಿಲಿಗೆ ಹೋಗಿ ಬಂದಿದ್ದಾರೆ. ಮೂರು ಸಲವೂ ಹವೆ, ಮೊಣಕಾಲು ನೋವು, ನಲ್ಲಿಯ ನೀರು ಎಂದು ಮಾತಾಡಿ ವಾಪಸ್ಸು. ಮೂವತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಎದುರು ಮಾತಾಡಿದವರಲ್ಲ. ಇದನ್ನು ಕೇಳಿದ ಮೇಲೆ ಮಾತೇ ಬಿಟ್ಟರೆ ಎಂಬ ಹೆದರಿಕೆ. ಮತ್ಸರ ಪಡಲೂ ಒಬ್ಬರು ಬೇಕಲ್ಲ, ಅವಳೂ ಹೋದರೆ ನನಗೆ ಯಾರಿದ್ದಾರೆ ಎಂದು ಎಕ್ಕದಕ್ಕ ನಗುತ್ತಾರೆ, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಹೊಟ್ಟೆಕಿಚ್ಚು ಆರಿದೆ ಎಂದು ಯಾರೂ ತಿಳಿಯಬಾರದು. ಬೊಡ್ಡೆಗಳು ಚಿಗುರಿವೆ, ಮೊಳಕೈ ಉದ್ದದ ಆ ಚಿಗುರಿಗೇ ಚಿಟ್ಟೆ ಬಂದು ಒಂಬತ್ತು ಮೊಟ್ಟೆಯಿಟ್ಟಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ ಎನ್ನುತ್ತಾರೆ. ಮೊನ್ನೆ ಮಿಷನ್ ಬರುವ ಮುಂಚೆ ನೂರಾ ಹದಿನಾಲ್ಕು ಪಟ್ಟಿಗಳಲ್ಲಿ ಮೊದಲ ಎರಡನ್ನು ಉರಿಯುತ್ತಲೇ ಅಲ್ಲಿ ಕಟ್ಟಿ ಬಂದಿದ್ದಾರೆ.

ಇದನ್ನೆಲ್ಲ ಅಚ್ಚು ಹಾಕಬೇಕೇ, ಮೇಷ್ಟ್ರು ಬರೆದ ಹಾಗೆ ಬರೀ ಒಳ್ಳೆಯದನ್ನು ಹಾಕಿದರೆ ಸಾಲದೇ ಎಂದು ಕೇಳಿದ್ದಾಯಿತು. ಬಿಸಿಲು ಏರಿದೆ, ಇನ್ನೂ ಎರಡು ಬೀದಿ ಬಾಕಿಯಿದೆ. ಅವರು ಪೊರಕೆ ಎತ್ತಿಕೊಂಡು ನಿಂತೇ ಉತ್ತರ ಹೇಳಿದರು.

"ಹಾಕಿ. ಅವಳು ಭಾನುವಾರದ ಪೇಪರ್ ಒಂದಕ್ಷರ ಬಿಡದೆ ಓದ್ತಾಳೆ. ನನ್ನ ಬಾಯಲ್ಲಿ ಬರ್ಲಿಲ್ಲ, ನಿಮ್ಮ ಪೇಪರಲ್ಲಾದ್ರೂ ಬರ್ಲಿ. ಪಟ್ಟಿ ಬಿದ್ದೋಗಿರ್ಲಿಲ್ಲ, ನಾನು ಕಟ್ಟಲಿಲ್ಲ. ಓದಿ ಬಂದು ಬೈಲಿ, ಬೀದೀಲೇ ನಿಂತು ಬೈಲಿ, ಅವಳು ಬೈಯೋದನ್ನ ನಾನೂ ಒಂದ್ಸಲ ನೋಡ್ಬೇಕು. ಬೈದಾದ ಮೇಲೂ ಅಕ್ಕ ಅಂತಲೇ ಕರೆದ್ರೆ ಸಾಕು."